ತಡವಾಯಿತೆನ್ನದ ಕಾಲೇಜು

ಕ್ಯಾಲಿಫೋರ್ನಿಯಾದ ಕುಪರ್ಟಿನೊ ಊರಿನ ಡಿ ಆನ್ಜಾ ಕಾಲೇಜಿಗೆ ಗೇಟಿಲ್ಲ. ಕಾಂಪೌಂಡು ಗೋಡೆಯಿಲ್ಲ, ಗುರುತಿನ ಚೀಟಿ ಕೇಳುವ ವಾಚ್‌ಮನ್ ಇಲ್ಲ. ಸ್ಟೀವನ್ಸ್ ಕ್ರೀಕ್ ಎಂಬ ದೊಡ್ಡ ರಸ್ತೆಯಿಂದ ಸಿಟಿ ಬಸ್ಸು ಹೊರಳಿಕೊಂಡು ಕಾಲೇಜಿನ ಅಂಚಿಗೇ ಬಂದು ನಿಲ್ಲುತ್ತದೆ. ಇಳಿಯುವವರಲ್ಲಿ ಬೆನ್ನಿಗೆ ಬ್ಯಾಗು ಹಾಕಿದ ಹುಡುಗರಿರುತ್ತಾರೆ, ಮಗುವಿನ ತಳ್ಳುಗಾಡಿ ಹಿಡಿದ ತಾಯಂದಿರಿರುತ್ತಾರೆ, ಅಂಗಡಿಯ ಹೆಸರಿರುವ ಟೀ ಶರ್ಟಿನಲ್ಲೇ ಕೆಲಸದಿಂದ ನೇರ ಬಂದ ನಡುವಯಸ್ಸಿನವರಿರುತ್ತಾರೆ, ತಲೆ ಪೂರ್ತಿ ನರೆತವರೂ ಇರುತ್ತಾರೆ. ಎಲ್ಲರೂ ಅಲ್ಲಿನ ವಿದ್ಯಾರ್ಥಿಗಳೇ.

ಮಗ, ಸೊಸೆಯ ಮನೆ ಪಕ್ಕದ ಸನಿವೇಲ್‌ನಲ್ಲಿ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಹೋದವಳು ನಾನು. ತಿಪಟೂರಿಗೆ ಮರಳಿ ತಿಂಗಳುಗಳೇ ಆದವು. ಗೋಲ್ಡನ್ ಗೇಟ್ ಸೇತುವೆ ನೋಡಿದೆ, ಯೊಸೆಮಿಟಿಯ ಬಂಡೆಗಳ ಎದುರು ನಿಂತು ಮಾತು ಕಳೆದುಕೊಂಡೆ. ಅವೆಲ್ಲ ಫೋಟೊಗಳಲ್ಲಿ ನೆಮ್ಮದಿಯಾಗಿವೆ. ನೆಮ್ಮದಿಯಾಗಿ ಇರಲು ಬಿಡದೆ ಕಾಡುತ್ತಿರುವುದು ಆ ಕಾಲೇಜು. ಮೂವತ್ತು ವರ್ಷಕ್ಕೂ ಮಿಕ್ಕಿ ಪಿಯು ಮಕ್ಕಳಿಗೆ ಇತಿಹಾಸ ಹೇಳಿದವಳಿಗೆ ಬೇರೆ ಏನು ತಾನೇ ಕಾಡೀತು?

ಕಾಲೇಜು ಇರುವ ಸಿಲಿಕಾನ್ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಸೀಮೆ. ಏಪ್ರಿಕಾಟ್, ಚೆರ್ರಿ, ಪ್ರೂನ್ ಬೆಳೆದು ಡಬ್ಬಿಗೆ ತುಂಬಿ ಕಳಿಸುತ್ತಿದ್ದರು. ಸಿಲಿಕಾನ್ ಹೆಸರು ಆಮೇಲೆ ಬಂದದ್ದು. ಕಾಲೇಜಿನ ಜಾಗವೂ ದ್ರಾಕ್ಷಿತೋಟವಿದ್ದ ಹಳೆಯ ಎಸ್ಟೇಟು. ಅದರ ಬಿಳಿ ಬಂಗಲೆ ಈಗಲೂ ನಿಂತಿದೆ, ಒಳಗೆ ಕ್ಯಾಲಿಫೋರ್ನಿಯಾ ಇತಿಹಾಸ ಕೇಂದ್ರವಿದೆ. ಕಾಲೇಜು ಶುರುವಾದದ್ದು 1967ರಲ್ಲಿ. 1776ರಲ್ಲಿ ಈ ಸೀಮೆಯನ್ನು ಹಾದುಹೋದ ಸ್ಪೇನಿನ ದಳಪತಿ ಹ್ವಾನ್ ಬೌಟಿಸ್ಟಾ ಡಿ ಆನ್ಜಾನ ಹೆಸರನ್ನು ಇಟ್ಟಿದ್ದಾರೆ. ಆ್ಯಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೆಲಕಾಲ ಇಲ್ಲಿ ಓದಿದ್ದರು. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರನ್ನು ಜನರೆದುರು ತೆಗೆದು ತೋರಿಸಿದ್ದು ಇದೇ ಆವರಣದ ಫ್ಲಿಂಟ್ ಸೆಂಟರಿನಲ್ಲಿ. ಆ ಸಭಾಂಗಣ ಈಗ ಇಲ್ಲ. ಇವನ್ನೆಲ್ಲ ನಾನು ಕೇಳಿ, ಓದಿ ತಿಳಿದುಕೊಂಡೆ. ಅಲ್ಲಿ ಓದುತ್ತಿದ್ದವರು ನನ್ನೊಂದಿಗೆ ಆಡಿದ ಮಾತು ಪೂರ್ತಿ ಬೇರೆ.

ನಾನು ಹೋದದ್ದು ಸೆಪ್ಟೆಂಬರ್ ಕೊನೆ, ಅವರ ಹೊಸ ಕ್ವಾರ್ಟರ್ ಎಂಬ ಶೈಕ್ಷಣಿಕ ಅವಧಿ ಆರಂಭವಾಗುವ ಹೊತ್ತು. ಪಶ್ಚಿಮಕ್ಕೆ ಸಾಂಟಾ ಕ್ರೂಸ್ ಬೆಟ್ಟಗಳು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಹಾಗಾಗಿ ತಪ್ಪಲಿನ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಸೊಸೆಗೆ ಕೌನ್ಸೆಲರ್ ಭೇಟಿ ನಿಗದಿಯಾಗಿತ್ತು. "ಅತ್ತೆ, ನೀವೂ ಬನ್ನಿ, ಒಬ್ಬಳೇ ಹೋಗೋಕೆ ಒಂಥರಾ ಆಗುತ್ತೆ" ಎಂದು ಕರೆದಳು. ಅವರಪ್ಪನಿಗೆ ಕಾಯಿಲೆಯಾಗಿ ಬಿ.ಕಾಂ. ಎರಡನೇ ವರ್ಷಕ್ಕೇ ಓದು ನಿಲ್ಲಿಸಿದವಳು ಅವಳು. ಆಮೇಲೆ ಮದುವೆ, ವೀಸಾ, ಮಗು. ಅಂಕಪಟ್ಟಿಗಳನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದಳು.

ಹೊರಗೆ ಕೂರುತ್ತೇನೆ ಎಂದರೂ ಕೌನ್ಸೆಲರ್ ಬಿಡಲಿಲ್ಲ. ಸೊಸೆಯ ಒಪ್ಪಿಗೆ ಕೇಳಿ ನನಗೂ ಕುರ್ಚಿ ಎಳೆದುಕೊಟ್ಟರು. ಐವತ್ತು ದಾಟಿದ ಹೆಂಗಸು. ತಂದೆತಾಯಿ ಮೆಕ್ಸಿಕೊದಿಂದ ಬಂದು ಸ್ಟ್ರಾಬೆರಿ ಹೊಲಗಳಲ್ಲಿ ಕೂಲಿ ಮಾಡಿದವರಂತೆ. ಅಂಕಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಓದು ಯಾಕೆ ನಿಂತಿತು ಎಂದು ಕೇಳಲಿಲ್ಲ. ಮೊದಲ ಪ್ರಶ್ನೆಯೇ, "ವಾರದಲ್ಲಿ ನಿನಗೆ ಎಷ್ಟು ಗಂಟೆ ಸಿಗುತ್ತದೆ? ಆಸೆಯ ಲೆಕ್ಕ ಬೇಡ, ನಿಜವಾಗಿ ಸಿಗುವುದು ಹೇಳು."

ಸೊಸೆ ಬೆರಳು ಮಡಚಿ ಎಣಿಸಿ ಹೇಳಿದಳು. ಕಂಪ್ಯೂಟರ್ ಕೋರ್ಸ್ ಮಾಡಬೇಕೆಂದಿದ್ದೇನೆ, ಇಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ ಎಂದಳು.

"ಎಲ್ಲರೂ ಹೇಳುವುದು ಸರಿ. ಯಾರೂ ಹೇಳದೆಯೂ ನೀನಾಗಿ ಮಾಡುವ ಕೆಲಸ ಯಾವುದು?"

ಅವಳು ಸುಮ್ಮನಾದಳು. ನಾನೇ ಬಾಯಿ ಹಾಕಿದೆ, "ಕೂಟದ ಲೆಕ್ಕ ಬರೀತೀಯಲ್ಲಮ್ಮ?" 1973ರಿಂದ ನಡೆದುಬಂದಿರುವ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಹಬ್ಬಗಳಿಗೆ ಊಟದ ವ್ಯವಸ್ಥೆ ಮಾಡುವ ಗುಂಪಿನಲ್ಲಿ ಅವಳಿದ್ದಾಳೆ. ಎಷ್ಟು ಎಲೆ, ಎಷ್ಟು ಸೇರು ಬೇಳೆ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಪುಸ್ತಕ ಅವಳದೇ. "ಅದೂ ಒಂದು ಕೆಲಸಾನಾ ಅತ್ತೆ?" ಎಂದು ನನ್ನತ್ತ ತಿರುಗಿದಳು. ಕೌನ್ಸೆಲರಿಗೆ ಕನ್ನಡ ಬಾರದು, ಆದರೆ ಸೊಸೆಯ ಮುಖ ಓದಿದರು. ಏನೆಂದು ಕೇಳಿ ತಿಳಿದುಕೊಂಡು, ಮುನ್ನೂರು ಜನರ ಊಟದ ಲೆಕ್ಕ ತಪ್ಪದಂತೆ ಬರೆಯುವುದು ಕೆಲಸವೇ, ಅದಕ್ಕೆ ಸಂಬಳ ಕೊಡುವ ಕಚೇರಿಗಳು ಈ ಊರಿನಲ್ಲಿ ಬೇಕಾದಷ್ಟಿವೆ ಎಂದರು.

ಆಮೇಲೆ ಒಂದು ಹಾಳೆ ತೆಗೆದು ಪೆನ್ಸಿಲಿನಲ್ಲಿ ಮನೆಗಳನ್ನು ಗೀಚಿದರು. ಫಾಲ್, ವಿಂಟರ್, ಸ್ಪ್ರಿಂಗ್, ಒಂದೊಂದು ಕ್ವಾರ್ಟರಿಗೆ ಒಂದೊಂದು ಮನೆ. ಮೊದಲ ಮನೆಯಲ್ಲಿ ಲೆಕ್ಕಶಾಸ್ತ್ರದ ಒಂದೇ ವಿಷಯ. ಮುಂದಿನದರಲ್ಲಿ ಅದರ ಜೊತೆಗೆ ಇಂಗ್ಲಿಷ್ ಬರವಣಿಗೆ. ಮೊದಲು ಬುಕ್‌ಕೀಪಿಂಗ್ ಸರ್ಟಿಫಿಕೇಟು, ಅದರಲ್ಲಿ ಗಳಿಸಿದ ಯೂನಿಟ್ಟುಗಳ ಮೇಲೆಯೇ ಎರಡು ವರ್ಷದ ಅಸೋಸಿಯೇಟ್ ಪದವಿ, ಬೇಕೆನಿಸಿದರೆ ಆಮೇಲೆ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ. ತುಮಕೂರಿನಲ್ಲಿ ಓದಿದ ಬಿ.ಕಾಂ. ಅಂಕಗಳನ್ನು ಮೌಲ್ಯಮಾಪನಕ್ಕೆ ಕಳಿಸುವ ದಾರಿಯನ್ನೂ ಬರೆದುಕೊಟ್ಟರು. ನಡುವೆ ಒಂದು ಮನೆಯಲ್ಲಿ ಮಾತ್ರ ಏನನ್ನೂ ಬರೆಯಲಿಲ್ಲ. ಇದೇಕೆ ಖಾಲಿ ಎಂದು ಸೊಸೆ ಕೇಳಿದ್ದಕ್ಕೆ, "ಮಗುವಿಗೆ ಜ್ವರ ಬರುತ್ತೆ, ನಿಮ್ಮೂರಿನಿಂದ ಫೋನ್ ಬರುತ್ತೆ. ಆಗ ನನ್ನ ಓದು ಮುಗೀತು ಅಂದುಕೊಳ್ಳಬೇಡ. ಈ ಮನೆ ಅದಕ್ಕೇ ಇರುವುದು" ಎಂದರು.

ಎಷ್ಟೋ ದೊಡ್ಡ ದೊಡ್ಡ ಶಿಕ್ಷಣ ನೀತಿಗಳನ್ನು ಓದಿದ್ದೇನೆ. ಆ ಖಾಲಿ ಮನೆಯಷ್ಟು ತಿಳಿವಳಿಕೆಯ ಮಾತನ್ನು ಅವುಗಳಲ್ಲಿ ಕಂಡಿಲ್ಲ.

ಆ ಹೊತ್ತಿಗೆ ನನಗೆ ನೆನಪಾದವಳು ನನ್ನ ವಿದ್ಯಾರ್ಥಿನಿಯೊಬ್ಬಳು. ಇತಿಹಾಸದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿ. ಕೃಷ್ಣದೇವರಾಯನ ಕಾಲದ ನೀರಾವರಿ ಬಗ್ಗೆ ಅವಳು ಬರೆದ ಉತ್ತರವನ್ನು ಬೇರೆ ಸೆಕ್ಷನ್ನಿನಲ್ಲಿಯೂ ಓದಿ ಹೇಳಿದ್ದೆ. ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಹೋಯಿತು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಕೆಲವು ವರ್ಷದ ಮೇಲೆ ಕೊಬ್ಬರಿ ಮಂಡಿಯ ಅಂಗಳದಲ್ಲಿ ಅವಳನ್ನು ಕಂಡೆ. ರಾಶಿಯ ಮುಂದೆ ಕೂತು ಒಳ್ಳೆಯ ಗಿಟುಕು, ಹಾಳಾದ ಗಿಟುಕು ಬೇರೆ ಮಾಡುತ್ತಿದ್ದಳು. "ಮೇಡಂ, ಚೆನ್ನಾಗಿದ್ದೀರಾ?" ಎಂದು ಎದ್ದು ನಿಂತಳು. ಆ ಕೆಲಸವನ್ನು ನಾನು ಕೀಳಾಗಿ ಕಾಣುವವಳಲ್ಲ, ನಮ್ಮ ಊರು ಉಣ್ಣುವುದೇ ಕೊಬ್ಬರಿಯಿಂದ. ನನ್ನ ಸಂಕಟ ಬೇರೆ. ಹದಿನೇಳು ವರ್ಷಕ್ಕೆ ಒಂದು ಪೇಪರಿನಲ್ಲಿ ನಿಂತುಹೋದವಳನ್ನು ಮತ್ತೆ ಯಾರೂ ಕೂರಿಸಿಕೊಂಡು, ನಿನಗೆ ವಾರದಲ್ಲಿ ಎಷ್ಟು ಗಂಟೆ ಸಿಗುತ್ತೆ ಎಂದು ಕೇಳಲಿಲ್ಲ. ಕೇಳಲು ಅಂಥ ಕುರ್ಚಿ, ಅಂಥ ಕೋಣೆ ನಮ್ಮ ತಾಲ್ಲೂಕಿನಲ್ಲಿರಲಿಲ್ಲ.

ಡಿ ಆನ್ಜಾದಂಥ ಸಮುದಾಯ ಕಾಲೇಜುಗಳು, ಎಂದರೆ ಕಮ್ಯುನಿಟಿ ಕಾಲೇಜುಗಳು, ಅಮೆರಿಕಕ್ಕೂ ಒಂದೇ ದಿನದಲ್ಲಿ ಬಂದವಲ್ಲ. ಈಗಲೂ ನಡೆಯುತ್ತಿರುವ ಸರ್ಕಾರಿ ಸಮುದಾಯ ಕಾಲೇಜುಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಲಿನಾಯ್‌ನ ಜೋಲಿಯೆಟ್ ಜೂನಿಯರ್ ಕಾಲೇಜು, 1901ರದ್ದು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆಂದು 1944ರಲ್ಲಿ ಜಿ.ಐ. ಬಿಲ್ ಎಂಬ ಕಾನೂನು ಬಂತು. ಅದರ ನೆರವಿನಿಂದ ಸುಮಾರು 22 ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದರು. ವಯಸ್ಸಾದವರೂ ತರಗತಿಯಲ್ಲಿ ಕೂತು ಓದಬಲ್ಲರು ಎಂಬುದು ಅಲ್ಲಿಯ ಸಮಾಜಕ್ಕೆ ಕಣ್ಣಾರೆ ಗೊತ್ತಾಯಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ, ಮನೆಯ ಹತ್ತಿರವೇ ಕಡಿಮೆ ಖರ್ಚಿನಲ್ಲಿ ಓದುವ ಇಂಥ ಕಾಲೇಜುಗಳು ದೇಶದ ತುಂಬ ಬೇಕೆಂದಿತು. ಕ್ಯಾಲಿಫೋರ್ನಿಯಾ 1960ರಲ್ಲಿ ತನ್ನ ಉನ್ನತ ಶಿಕ್ಷಣವನ್ನು ಮೂರು ಅಂತಸ್ತಾಗಿ ಕಟ್ಟಿಕೊಂಡಿತು. ಮೇಲಿನ ಎರಡರಲ್ಲಿ ವಿಶ್ವವಿದ್ಯಾಲಯಗಳು, ಅಂಕ ನೋಡಿ ಸೇರಿಸಿಕೊಳ್ಳುತ್ತವೆ. ಕೆಳಗಿನದು ಎಲ್ಲರಿಗೂ ತೆರೆದದ್ದು. ಈಗ ಆ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. 1984ರವರೆಗೆ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. ಈಗ ಇದೆ, ಆದರೆ ವಿಶ್ವವಿದ್ಯಾಲಯದ ಶುಲ್ಕದ ಎದುರು ಅದು ಅತ್ಯಲ್ಪ, ಆದಾಯ ಕಡಿಮೆ ಇರುವವರಿಗೆ ಅದೂ ಮನ್ನಾ.

ಆಮೇಲಿನ ದಿನಗಳಲ್ಲಿ ಸೊಸೆ ತರಗತಿಗೆ ಹೋದಾಗ ಮೊಮ್ಮಗನನ್ನು ಕರೆದುಕೊಂಡು ನಾನೂ ಹೋಗಿ ಓಕ್ ಮರಗಳ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಚಿತ್ರಾನ್ನ. ಸೊಸೆಯ ಜೊತೆ ಲೆಕ್ಕಶಾಸ್ತ್ರ ಓದುವ ಹೆಂಗಸೊಬ್ಬಳು ತನ್ನ ಡಬ್ಬಿಯಿಂದ ಟಮಾಲೆ ತೆಗೆದುಕೊಟ್ಟಳು. ಮೆಕ್ಕೆಜೋಳದ ಹಿಟ್ಟಿನೊಳಗೆ ಬೀನ್ಸ್ ಕಾಳು, ಮೆಣಸಿನಕಾಯಿ ತುಂಬಿ, ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಸಿಪ್ಪೆ ಬಿಡಿಸಿದರೆ ನಮ್ಮ ಅರಿಶಿನದೆಲೆ ಕಡುಬಿನ ಹಾಗೆ ಹಿಟ್ಟಿನ ಮೇಲೆಲ್ಲ ಎಲೆಯ ಗೆರೆಗಳು ಮೂಡಿದ್ದವು. ಅವಳು ಬೆಳಗಿನ ಜಾವ ಎದ್ದು ಹೋಟೆಲೊಂದರ ಕೋಣೆಗಳನ್ನು ಗುಡಿಸಿ ಹಾಸಿಗೆ ಮಡಚಿ ಕಾಲೇಜಿಗೆ ಬರುತ್ತಿದ್ದಳು. ಚಿತ್ರಾನ್ನದ ಕಡಲೆಬೀಜವನ್ನು ಆರಿಸಿ ಆರಿಸಿ ತಿಂದಳು. ಅಂದಿನಿಂದ ಸೊಸೆ ಕಡಲೆಬೀಜವನ್ನು ಕೈ ಬಿಚ್ಚಿ ಹಾಕತೊಡಗಿದಳು.

ಅದೇ ಬೆಂಚಿನಲ್ಲಿ ಸಿಕ್ಕವಳು ಹುಬ್ಬಳ್ಳಿಯ ಹೆಣ್ಣುಮಗಳು. ನಾನು ಮೊಮ್ಮಗನಿಗೆ ಕನ್ನಡದಲ್ಲಿ ಗದರಿದ್ದನ್ನು ಕೇಳಿ ತಾನಾಗಿ ಬಂದು ಕೂತಳು. ಎಂ.ಎಸ್ಸಿ. ಮಾಡಿದವಳು. ಗಂಡನ ಎಚ್-1ಬಿ ವೀಸಾದ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದವಳು. ಆ ವೀಸಾದವರು ಓದಬಹುದು, ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಅನುಮತಿ ಕೊಡಬಹುದೆಂಬ ನಿಯಮ ಬಂದದ್ದು 2015ರಲ್ಲಿ. ಅನುಮತಿಗಾಗಿ ಕಾದು ಕಾದು ಸಾಕಾದ ವರ್ಷಗಳಲ್ಲಿ ಅವಳು ಈ ಕಾಲೇಜಿನ ಬಾಲಶಿಕ್ಷಣ ವಿಭಾಗಕ್ಕೆ ಸೇರಿದಳಂತೆ. ಕ್ಯಾಲಿಫೋರ್ನಿಯಾದ ಪ್ರಿಸ್ಕೂಲುಗಳಲ್ಲಿ ಶಿಕ್ಷಕಿಯಾಗಲು ಸೆಮಿಸ್ಟರ್ ಲೆಕ್ಕದಲ್ಲಿ 12 ಯೂನಿಟ್ ಬಾಲಶಿಕ್ಷಣ ಓದಿರಬೇಕು. ಈ ದಾರಿ ಹಿಡಿದ ಕನ್ನಡದ, ತೆಲುಗಿನ, ತಮಿಳಿನ ಹೆಣ್ಣುಮಕ್ಕಳು ಅಲ್ಲಿ ಸಾಕಷ್ಟಿದ್ದಾರೆ.

"ಅಮ್ಮಾರ, ಎಷ್ಟೋ ವರ್ಷ ನನ್ನ ಹೆಸರಿಗೆ ಬಂದ ಕಾಗದ ಅಂದ್ರ ಹಲ್ಲಿನ ದವಾಖಾನಿ ಬಿಲ್ ಒಂದ ನೋಡ್ರಿ" ಎಂದಳು. "ಉಳಿದದ್ದೆಲ್ಲಾ ನಮ್ಮನಿಯವರ ಹೆಸರಿಗೆ. ಮನಿ ಕರಾರ, ಕಾರು, ಕರೆಂಟು, ಎಲ್ಲಾ. ಕಾಲೇಜಿಂದ ನನ್ನ ಹೆಸರು ಹಾಕಿ ಮೊದಲನೇ ಕಾಗದ ಬಂತಲ್ರೀ, ಫ್ರಿಜ್ಜಿಗೆ ಅಂಟಿಸಿಟ್ಟಿದ್ದೆ." ಈಗ ಅವಳಿಗೆ ಕೆಲಸದ ಅನುಮತಿ ಸಿಕ್ಕಿದೆ, ಪ್ರಿಸ್ಕೂಲಿನಲ್ಲಿ ಕೆಲಸವೂ ಸಿಕ್ಕಿದೆ. ಆದರೂ ವಾರಕ್ಕೊಂದು ಸಂಜೆ ಇನ್ನೊಂದು ವಿಷಯ ಕಲಿಯಲು ಬರುತ್ತಾಳೆ. ತನ್ನಂತೆ ಹೊಸದಾಗಿ ಬಂದವರಿಗೆ ಅರ್ಜಿ ತುಂಬಲು ಕೂರುತ್ತಾಳೆ. ಸೊಸೆಯ ಮುಂದಿನ ಕ್ವಾರ್ಟರಿನ ಅರ್ಜಿಯನ್ನು ಇಬ್ಬರೂ ಸೇರಿಯೇ ತುಂಬಿದರು. ಬೇಂದ್ರೆಯವರ ಊರಿನ ಕಡೆಯ ಮಾತು, ಕಲ್ಪತರು ನಾಡಿನ ಮಾತು ಎರಡೂ ಕಲೆತು ಆ ಬೆಂಚಿನ ಮೇಲೆ ಒಂದು ಪುಟ್ಟ ಕನ್ನಡ ಕೂಟವೇ ಆಗಿಬಿಡುತ್ತಿತ್ತು.

ಅಲ್ಲಿ ವಿದ್ಯಾರ್ಥಿಗಳಿಗೆಂದೇ ದಿನಸಿ ಕೋಣೆಯೊಂದಿದೆ. ಅಕ್ಕಿ, ಕಾಳು, ಡಬ್ಬಿಯ ತರಕಾರಿ, ಹಣ್ಣು. ಬೇಕಾದವರು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಲೋಕದ ಅತಿ ಸಿರಿವಂತ ಕಂಪನಿಗಳಿರುವ ಊರಿನಲ್ಲಿ ಓದುವ ಮಕ್ಕಳು ಹಸಿದಿರುತ್ತಾರೆಂಬುದು ನನಗೆ ಮೊದಲು ನಂಬಲಾಗಲಿಲ್ಲ. ಮನೆ ಬಾಡಿಗೆ ಕಟ್ಟಿದ ಮೇಲೆ ಊಟಕ್ಕೆ ಉಳಿಯುವುದಿಲ್ಲ ಎಂದು ಸೊಸೆಯ ಗೆಳತಿ ವಿವರಿಸಿದಳು. ಕಾರಿನಲ್ಲಿ ಮಲಗುವವರೂ ಇದ್ದಾರಂತೆ. ಅಂಥವರಿಗೆ ಸಮುದಾಯ ಕಾಲೇಜುಗಳ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ತಂಗಲು ಬಿಡಬೇಕೆಂಬ ಮಸೂದೆ 2019ರಲ್ಲಿ ಅಲ್ಲಿನ ಶಾಸನಸಭೆಯ ಮುಂದೆ ಬಂದು, ಕಾನೂನಾಗದೆ ನಿಂತುಹೋಯಿತು. ದಿನಸಿ ಕೋಣೆಯ ಮುಂದೆ ನಿಂತಾಗ ಸಿದ್ಧಗಂಗೆ ನೆನಪಾಯಿತು. ಓದಬೇಕೆಂದು ಬಂದ ಮಗುವಿಗೆ ಮೊದಲು ಅನ್ನ ಹಾಕಬೇಕೆಂಬುದನ್ನು ಶಿವಕುಮಾರ ಸ್ವಾಮೀಜಿ ದಶಕಗಳ ಕಾಲ ನಡೆಸಿ ತೋರಿಸಿದರು. ಸಾವಿರಾರು ಮಕ್ಕಳ ಆ ಪಂಕ್ತಿಯನ್ನು ಕಂಡು ಬೆಳೆದ ತುಮಕೂರು ಸೀಮೆಯವಳಿಗೆ ಈ ಕೋಣೆಯ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಬಹಳ ಮುಂದಿದ್ದೇವೆ ಎಂದು ಎದೆ ತಟ್ಟಿ ಹೇಳಬಲ್ಲೆ.

ಒಂದು ಸಂಜೆ ವಾಹನ ದುರಸ್ತಿ ಕಲಿಸುವ ಶೆಡ್ಡಿಗೆ ಹೋದೆವು. ಎತ್ತಿ ನಿಲ್ಲಿಸಿದ ಕಾರುಗಳ ಕೆಳಗೆ ಹುಡುಗರು, ಇಬ್ಬರು ಹುಡುಗಿಯರು, ಸೈನ್ಯದಲ್ಲಿ ಇದ್ದು ಬಂದ ಒಬ್ಬಾತ, ಅರವತ್ತರ ಆಸುಪಾಸಿನ ವಿಯೆಟ್ನಾಮಿ ಹಿರಿಯರೊಬ್ಬರು. ಕಾರ್ಖಾನೆಯ ಕೆಲಸ ಹೋದ ಮೇಲೆ ಹೊಸ ಕಸುಬು ಕಲಿಯಲು ಬಂದಿದ್ದೇನೆ ಎಂದರು. ಮೇಷ್ಟ್ರು ಅವರ ಕೈಗೆ ಬ್ರೇಕಿನ ಲೋಹದ ಬಿಲ್ಲೆಯನ್ನೂ ಮೈಕ್ರೋಮೀಟರನ್ನೂ ಕೊಟ್ಟರು. ಹಿರಿಯರು ಅಳೆದು ಬರೆದರು. ಮೇಷ್ಟ್ರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಬಿಲ್ಲೆಯನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಕಡೆ ಅಳೆಯಿರಿ ಎಂದರು. ಹಾಗೆ ಸುತ್ತಲೂ ಅಳೆಸಿದರು. ಒಂದು ಜಾಗದಲ್ಲಿ ಬಿಲ್ಲೆ ಕೂದಲೆಳೆಯಷ್ಟು ಸವೆದಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಬ್ರೇಕ್ ಒತ್ತಿದಾಗ ಪೆಡಲ್ ನಡುಗುವುದು ಇದಕ್ಕೇ" ಎಂದರು. ಅವರ ಮುಖದಲ್ಲಿ ಕಂಡ ಬೆಳಕು ನನ್ನ ತರಗತಿಯ ಅತ್ಯುತ್ತಮ ದಿನಗಳಲ್ಲಿ ಕಂಡದ್ದೇ. ಆ ಶೆಡ್ಡಿನ ದೀಪಗಳು ರಾತ್ರಿಯವರೆಗೂ ಉರಿಯುತ್ತವೆ, ಏಕೆಂದರೆ ದುಡಿಯುವವರಿಗೆ ಬಿಡುವಾಗುವುದೇ ಆಗ.

ಅಲ್ಲಿ ಸೇರಿದವರೆಲ್ಲ ದಡ ಸೇರುತ್ತಾರೆಂದು ಯಾರೂ ತಿಳಿಯಬಾರದು. ಅರ್ಧಕ್ಕೆ ಬಿಡುವವರು ಬಹಳ. ಪ್ರವೇಶದ ಹೊತ್ತಿಗೆ ಪರೀಕ್ಷೆ ಇಟ್ಟು, ಗಣಿತ, ಇಂಗ್ಲಿಷಿನಲ್ಲಿ ಹಿಂದಿದ್ದಾರೆಂದು ಸಾವಿರಾರು ಜನರನ್ನು ಯೂನಿಟ್ಟು ಸಿಗದ ಕೆಳಗಿನ ತರಗತಿಗಳಿಗೆ ದಬ್ಬುತ್ತಿದ್ದರು. ಅದರಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡು ಹಲವರು ಓದನ್ನೇ ಬಿಟ್ಟರು. 2017ರಲ್ಲಿ ಕಾನೂನು ತಂದು ಆ ಪದ್ಧತಿಗೆ ಕಡಿವಾಣ ಹಾಕಿದರು. ಈಗ ನೇರ ಕಾಲೇಜು ಮಟ್ಟದ ಪಾಠಕ್ಕೇ ಕೂರಿಸಿ, ಕಷ್ಟವಾದರೆ ಜೊತೆಜೊತೆಗೆ ಹೆಚ್ಚುವರಿ ಪಾಠ ಹೇಳಿಕೊಡುತ್ತಾರೆ. ಇದನ್ನು ಕೇಳಿದಾಗ ಮತ್ತೆ ಕೊಬ್ಬರಿ ಮಂಡಿಯ ಹುಡುಗಿ ಕಣ್ಣ ಮುಂದೆ ಬಂದಳು. ಒಂದು ಪೇಪರಿಗಾಗಿ ಉಳಿದೆಲ್ಲ ಜ್ಞಾನಕ್ಕೆ ಬೀಗ ಹಾಕುವುದು ಅನ್ಯಾಯವೆಂದು ಅಲ್ಲಿನವರು ಕೊನೆಗೂ ಒಪ್ಪಿಕೊಂಡರು.

ನಮ್ಮಲ್ಲಿ ಪ್ರಯತ್ನವೇ ನಡೆದಿಲ್ಲ ಎಂದಲ್ಲ. ಪುದುಚೇರಿಯಲ್ಲಿ 1995ರಲ್ಲೇ ಸಮುದಾಯ ಕಾಲೇಜು ಶುರುವಾಯಿತು. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ, ಮನೆಯಲ್ಲಿದ್ದೇ ಪದವಿ ಪಡೆದ ಎಷ್ಟೋ ಗೃಹಿಣಿಯರನ್ನು, ಪೊಲೀಸ್ ಪೇದೆಗಳನ್ನು ನಾನೇ ಬಲ್ಲೆ. ಈಗ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಾರೆ, ಅದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಪರೀಕ್ಷೆ ಕಟ್ಟಲು ಇನ್ನೊಂದು ಅವಕಾಶ ಕೊಟ್ಟರೆ ಸಾಲದು. ಬಿಟ್ಟುಹೋದವಳು ಮರಳಿ ಬಂದು ಕೂರಲು ಜಾಗ ಬೇಕು, ಅವಳ ಹಳೆಯ ಅಂಕಪಟ್ಟಿಯನ್ನು ಗೌರವದಿಂದ ತಿರುಗಿಸಿ ನೋಡುವವರೊಬ್ಬರು ಬೇಕು, ಅವಳ ಹಾಗೆಯೇ ಮರಳಿ ಬಂದ ನಾಲ್ಕು ಜನ ಪಕ್ಕದಲ್ಲಿರಬೇಕು. ಡಿ ಆನ್ಜಾದಲ್ಲಿ ನನ್ನ ಸೊಸೆಯನ್ನು ಹಿಡಿದು ನಿಲ್ಲಿಸಿದ್ದು ಇವೇ ಮೂರು, ಕಟ್ಟಡವಲ್ಲ.

ಸೊಸೆ ಬುಕ್‌ಕೀಪಿಂಗ್ ಸರ್ಟಿಫಿಕೇಟಿನ ಅರ್ಧ ದಾರಿಯಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅತ್ತೆ, ಖಾಲಿ ಮನೆ ಬಳಸಿಕೊಂಡೆ, ಮಗೂಗೆ ಹುಷಾರಿರಲಿಲ್ಲ. ಜನವರಿಗೆ ಮತ್ತೆ ಹೋಗ್ತೀನಿ" ಎಂದಳು. ಅವಳ ದನಿಯಲ್ಲಿ ಅಪರಾಧದ ಭಾವವಿರಲಿಲ್ಲ.

ನಮ್ಮ ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಬಹುತೇಕ ತಾಲ್ಲೂಕುಗಳಲ್ಲಿ ಕಟ್ಟಡ, ಬೆಂಚು, ಗ್ರಂಥಾಲಯ ಎಲ್ಲ ಇದೆ. ಸಂಜೆಯಾದರೆ ಅವುಗಳಿಗೆ ಬೀಗ. ಪ್ರಾಂಶುಪಾಲರೇ, ಹಳೆಯ ವಿದ್ಯಾರ್ಥಿ ಸಂಘದವರೇ, ನನ್ನ ಹಾಗೆ ನಿವೃತ್ತರಾಗಿ ಮನೆಯಲ್ಲಿರುವ ಮೇಷ್ಟ್ರು ಮೇಡಂಗಳೇ, ವಾರಕ್ಕೆ ಎರಡು ಸಂಜೆ ಒಂದು ಕೋಣೆ ತೆರೆಯೋಣ. ಓದು ಬಿಟ್ಟವರನ್ನು ಹೆಸರು ಹಿಡಿದು ಕರೆಯೋಣ. ಇಂಗ್ಲಿಷ್ ಪೇಪರಿಗೆ ಕೂರಿಸುವವರು ಒಬ್ಬರು, ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತುಂಬಿಸುವವರು ಒಬ್ಬರು, ಐಟಿಐ, ಪಾಲಿಟೆಕ್ನಿಕ್ ದಾರಿ ಗೊತ್ತಿರುವವರು ಒಬ್ಬರು ಸಿಕ್ಕರೆ ಸಾಕು. ನಮ್ಮ ಊರಿನಲ್ಲಿ ಇತಿಹಾಸ ಹೇಳಲು ಮತ್ತು ಅರ್ಜಿ ತುಂಬಿಸಲು ನಾನು ತಯಾರಿದ್ದೇನೆ. ಉಳಿದ ವಿಷಯಗಳಿಗೆ ನೀವು ಬನ್ನಿ.